ಹಳೇ ಐ3ಯಲ್ಲಿ ಎಚ್‌ಇವಿಸಿ ಓಡಿಸಿದ್ದು: ನನ್ನ ಅನುಭವ

ಮಶೀನು ಐ3-3220, ಎಚ್61 ಬೋರ್ಡು, ನಾಲ್ಕು ಜಿಬಿ ಡಿಡಿಆರ್3, ವಿಂಡೋಸ್ 10. ಎಚ್‌ಇವಿಸಿ (ಎಚ್.264ಗಿಂತ ಹೊಸ, ವಿಡಿಯೋವನ್ನು ಇನ್ನೂ ಚಿಕ್ಕದಾಗಿ ಒತ್ತಿಡುವ ವಿಧಾನ) ಸಿನಿಮಾ ಹಾಕಿದರೆ ಚಿತ್ರ ತಡವರಿಸುತ್ತೆ, ಹತ್ತು ನಿಮಿಷ ಕಳೆಯೋದರೊಳಗೆ ತುಟಿ ಒಂದು ಕಡೆ, ಮಾತು ಒಂದು ಕಡೆ. ಕೇಳಿದವರೆಲ್ಲ ಹೇಳಿದ್ದು ಒಂದೇ: ಬೋರ್ಡು, ಪ್ರೊಸೆಸರ್, ರ್‍ಯಾಮ್ ಮೂರೂ ಬದಲಿಸಿ, ಇಪ್ಪತ್ತು ಇಪ್ಪತ್ತೆರಡು ಸಾವಿರ ಆಗುತ್ತೆ. ಈಗ ಅದೇ ಮಶೀನು 4ಕೆ ಹತ್ತು ಬಿಟ್ (ಎಂಟು ಬಿಟ್‌ಗಿಂತ ಬಣ್ಣದ ಛಾಯೆ ಹೆಚ್ಚು) ಫೈಲನ್ನು ಪ್ರೊಸೆಸರ್ ಶೇ. 10-15 ದಾಟದ ಹಾಗೆ ಓಡಿಸುತ್ತೆ. ಖರ್ಚಾದದ್ದು ಒಟ್ಟು ಐದೂವರೆ ಸಾವಿರದ ಆಸುಪಾಸು. ಅರ್ಧ ಕಾಟ ಅಂತೂ ಹೆಚ್ಚು ದುಡ್ಡು ಬಿಚ್ಚದೆ ಹೋಯಿತು.

ದುಡ್ಡು ತೆಗೆಯೋ ಮೊದಲು ತಾಳ ತಪ್ಪಿರೋದು ಹೇಗೆ ಅಂತ ನೋಡಬೇಕು. ಎಲ್ಲರೂ ಹಾರಿಸೋದು ಇದನ್ನೇ. ಫೈಲಿನ ಐದನೇ ನಿಮಿಷದಲ್ಲಿ ಒಮ್ಮೆ ತುಟಿ ನೋಡಿ, ಆಮೇಲೆ ನೇರ ಒಂದು ಗಂಟೆಗೆ ಹಾರಿ ಅಲ್ಲಿ ನೋಡಿ. ಎರಡೂ ಕಡೆ ವ್ಯತ್ಯಾಸ ಅಷ್ಟೇ ಇದ್ದರೆ ಮಶೀನಿನ ತಪ್ಪಲ್ಲ. ಬ್ಲೂಟೂತ್ ಸ್ಪೀಕರ್ ಇರುತ್ತೆ, ಇಲ್ಲ ಎಚ್‌ಡಿಎಂಐನಲ್ಲಿ ಹಾಕಿದ ಟಿವಿ ಚಿತ್ರಕ್ಕೆ ಮೇಕಪ್ ಮಾಡ್ತಾ ತಡ ಮಾಡ್ತಿರುತ್ತೆ. ಟಿವಿಯಲ್ಲಿ ಗೇಮ್ ಮೋಡ್ ಹಾಕಿದರೆ ಬಹುಪಾಲು ಸರಿಹೋಗುತ್ತೆ. ಬ್ಲೂಟೂತ್ ಆದರೆ ಮಾತು ಸುಮಾರು 200 ಮಿಲಿಸೆಕೆಂಡ್ ಹಿಂದೆ ಬೀಳುತ್ತೆ. ವಿಎಲ್‌ಸಿಯಲ್ಲಿ ಜೆ ಕೀ ನಾಲ್ಕು ಸಲ ಒತ್ತಿ, ಒಂದೊಂದು ಒತ್ತಿಗೆ 50 ಮಿಲಿಸೆಕೆಂಡ್. ಮಾತೇ ಮುಂದಿದ್ದರೆ ಕೆ ಕೀ.

ಹಾರಿದ ತಕ್ಷಣ ಸರಿಯಾಗಿ, ಮತ್ತೆ ಮೆಲ್ಲಗೆ ಜಾರುತ್ತಿದ್ದರೆ ಡಿಕೋಡಿಂಗ್ (ಒತ್ತಿಟ್ಟ ವಿಡಿಯೋ ಬಿಚ್ಚುವ ಕೆಲಸ) ಸಾಲುತ್ತಿಲ್ಲ ಅಂತ. ಧ್ವನಿಯ ಕೆಲಸ ಹಗುರ, ಅದು ಹೊರಟುಹೋಗುತ್ತೆ, ಚಿತ್ರ ಹಿಂದೆ ಏದುಸಿರು ಬಿಡುತ್ತೆ.

ಮೂರನೇದು, ಎಲ್ಲಿಗೆ ಹಾರಿದರೂ ಸರಿಯಾಗದೆ, ಮುಂದೆ ಹೋದಷ್ಟೂ ಹೆಚ್ಚಾಗೋದು. ಇದು ಫೈಲಿನದ್ದೇ ರೋಗ. ಸೆಕೆಂಡಿಗೆ 23.976 ಫ್ರೇಮಿನ ಚಿತ್ರಕ್ಕೆ 25ರ ವೇಗದ ಧ್ವನಿ ಅಂಟಿಸಿರುತ್ತಾರೆ, ಗಂಟೆಗೆ ಎರಡೂವರೆ ನಿಮಿಷದಷ್ಟು ತಪ್ಪುತ್ತೆ. 24ಕ್ಕೂ 23.976ಕ್ಕೂ ಆದ ಎಡವಟ್ಟಾದರೆ ಗಂಟೆಗೆ ಮೂರೂವರೆ ಸೆಕೆಂಡ್ ಅಷ್ಟೆ, ಅದಕ್ಕೇ ಮೊದಲ ಕೆಲವು ನಿಮಿಷ ಯಾರಿಗೂ ಗೊತ್ತಾಗೋದಿಲ್ಲ. ಇದಕ್ಕೆ ಧ್ವನಿಯನ್ನು ಎಳೆಯೋಕೆ ಹೋಗಬೇಡಿ, ದನಿ ಕೆಡುತ್ತೆ. ಎಂಕೆವಿಟೂಲ್‌ನಿಕ್ಸ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ವಿಡಿಯೋ ಟ್ರ್ಯಾಕ್ ಆರಿಸಿ ಡಿಫಾಲ್ಟ್ ಡ್ಯುರೇಶನ್ ಜಾಗದಲ್ಲಿ ಧ್ವನಿಗೆ ಹೊಂದುವ ಫ್ರೇಮ್ ರೇಟ್ ಕೊಟ್ಟು ಹೊಸ ಫೈಲ್ ಬರೆಸಿ. ಮರು ಎನ್‌ಕೋಡಿಂಗ್ ಇಲ್ಲ, ಡಿಸ್ಕ್ ಕಾಪಿ ಮಾಡುವಷ್ಟೇ ಹೊತ್ತು. ಸಬ್‌ಟೈಟಲ್ ಇದ್ದರೆ ಅದನ್ನು ಬೇರೆ ಹೊಂದಿಸಬೇಕು. ಫೋನಿನಲ್ಲಿ ತೆಗೆದ ಮದುವೆ ವಿಡಿಯೋ ಬೇರೆ ತಲೆನೋವು: ಅಲ್ಲಿ ಫ್ರೇಮ್ ರೇಟೇ ಏರಿಳಿಯುತ್ತೆ, ಈ ಉಪಾಯ ಕೆಲಸ ಮಾಡಲ್ಲ. ಹ್ಯಾಂಡ್‌ಬ್ರೇಕ್ ಅನ್ನೋ ವಿಡಿಯೋ ಬದಲಿಸುವ ಸಾಫ್ಟ್‌ವೇರ್‌ನಲ್ಲಿ ಕಾನ್‌ಸ್ಟಂಟ್ ಫ್ರೇಮ್ ರೇಟ್ ಆರಿಸಿ ಮತ್ತೆ ಎನ್‌ಕೋಡ್ ಮಾಡಿಯೇ ತೀರಬೇಕು.

ನಮ್ಮ ಐ3ಯದ್ದು ಎರಡನೇ ರೋಗ, ಡಿಕೋಡಿಂಗ್ ಸಾಲದ್ದು. ವಿಎಲ್‌ಸಿಯಲ್ಲಿ ಕಂಟ್ರೋಲ್ ಜೆ ಒತ್ತಿ ಕೋಡೆಕ್ (ವಿಡಿಯೋ ಒತ್ತಿಟ್ಟ ವಿಧಾನ) ನೋಡಿದರೆ ತೊದಲುವ ಫೈಲುಗಳೆಲ್ಲ ಎಚ್‌ಇವಿಸಿ ಹತ್ತು ಬಿಟ್. ಎಚ್.264 ಫೈಲುಗಳು ಅದೇ ಮಶೀನಿನಲ್ಲಿ ಸಲೀಸು. ಇಂಟೆಲ್‌ನಲ್ಲಿ ಎಚ್‌ಇವಿಸಿಗೆ ಪೂರ್ತಿ ಹಾರ್ಡ್‌ವೇರ್ ಬಂದದ್ದು ಆರನೇ ತಲೆಮಾರಿನಲ್ಲಿ, ಹತ್ತು ಬಿಟ್ ಆದರೆ ಏಳನೇದರಲ್ಲಿ. ಮೂರನೇ ತಲೆಮಾರಿನ ಚಿಪ್ಪಿಗೆ ಅದರ ಗಂಧವೇ ಇಲ್ಲ, ಎಲ್ಲ ಭಾರ ಎರಡು ಕೋರಿನ ಮೇಲೆ.

ಹೆಚ್ಚು ಕಾಸಿಲ್ಲದೆ ಮಾಡಿದ್ದು: ಡಿವೈಸ್ ಮ್ಯಾನೇಜರ್‌ನಲ್ಲಿ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಅಂತ ಕಂಡರೆ ಮೊದಲು ಇಂಟೆಲ್ ಡ್ರೈವರ್ ಹಾಕಬೇಕು, ಇಲ್ಲದಿದ್ದರೆ ಎಚ್.264 ಕೂಡ ಪ್ರೊಸೆಸರ್ ತಲೆಗೇ. ಪವರ್ ಪ್ಲಾನ್ ಸೇವರ್‌ನಿಂದ ಬ್ಯಾಲೆನ್ಸ್‌ಡ್‌ಗೆ. ಹೀಟ್‌ಸಿಂಕ್ ಬಿಚ್ಚಿದರೆ ಪೇಸ್ಟ್ ಸುಣ್ಣದ ಪುಡಿ ಆಗಿತ್ತು, ಫ್ಯಾನಿನ ಕೆಳಗೆ ಧೂಳಿನ ಚಾಪೆ. 150 ರೂಪಾಯಿಯ ಪೇಸ್ಟ್ ಹಚ್ಚಿದ ಮೇಲೆ 95 ಡಿಗ್ರಿ ಮುಟ್ಟುತ್ತಿದ್ದದ್ದು 65ಕ್ಕೆ ಇಳಿಯಿತು. ಅರ್ಧ ಗಂಟೆ ಆದ ಮೇಲೆ ಶುರುವಾಗುತ್ತಿದ್ದ ತೊದಲು ಅಲ್ಲಿಗೆ ನಿಂತಿತು. ಪ್ಲೇಯರ್ ಎಂಪಿವಿಗೆ ಬದಲು, ಪ್ರೊಫೈಲ್ ಫಾಸ್ಟ್, ಚಿತ್ರದ ಚೌಕಗಳನ್ನು ಅಳಿಸುವ ಲೂಪ್ ಫಿಲ್ಟರ್ ಬಿಡುವ ಸಾಲು. ಕತ್ತಲ ದೃಶ್ಯದಲ್ಲಿ ಚೌಕಚೌಕ ಕಾಣುತ್ತೆ, ಆದರೆ 1080ಪಿ ಓಡುತ್ತೆ. ಕಾನ್ಫಿಗ್ ಫೈಲಿನಲ್ಲಿ ಇನ್ನೂ ಎರಡು ಸಾಲು ಇವೆ, ಅವು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಐ ಕೀ ಒತ್ತಿದರೆ ಬಿದ್ದ ಫ್ರೇಮುಗಳ ಲೆಕ್ಕ ಬರುತ್ತೆ, ಅದನ್ನು ನೋಡಿಕೊಂಡೇ ಒಂದೊಂದು ಸಾಲು ಹಾಕಿ ತೆಗೆಯಿರಿ, ನಿಮಗೂ ಸಿಗುತ್ತೆ.

ಈ ನಡುವೆ, ರಾತ್ರಿಯೆಲ್ಲ ಫೈಲುಗಳನ್ನು ಎಚ್.264ಗೆ ಬದಲಿಸಿ ಇಡುವ ಪ್ರಯೋಗವೂ ಆಯಿತು. ಎರಡು ಗಂಟೆಯ ಸಿನಿಮಾಗೆ ವೆರಿಫಾಸ್ಟ್ ಪ್ರಿಸೆಟ್‌ನಲ್ಲೇ ನಾಲ್ಕು ಗಂಟೆ ಹತ್ತಿರ. ಇಲ್ಲೊಂದು ಹಳ್ಳ ಇದೆ: ಪಿಕ್ಸೆಲ್ ಫಾರ್ಮ್ಯಾಟನ್ನು ಎಂಟು ಬಿಟ್ ಅಂತ ಹೇಳದಿದ್ದರೆ ಬದಲಿಸುವ ಸಾಫ್ಟ್‌ವೇರ್ ಎಫ್‌ಎಫ್‌ಎಂಪೆಗ್ ಹತ್ತು ಬಿಟ್ ಎಚ್.264 ಮಾಡಿಡುತ್ತೆ. ಅದನ್ನು ಈ ಇಂಟೆಲ್ ಚಿಪ್ಪೂ ಬಿಚ್ಚಲ್ಲ, ಮುಂದೆ ಹೇಳುವ ಕಾರ್ಡೂ ಬಿಚ್ಚಲ್ಲ. ರಾತ್ರಿ ಕರೆಂಟು ದಂಡ.

ಕಾರ್ಡಿನ ವಿಷಯ. ಅಂಗಡಿಯಲ್ಲಿ ಗ್ರಾಫಿಕ್ಸ್ ಕಾರ್ಡ್ ಅಂದರೆ ಮೊದಲು ಕೈಗಿಡೋದು ಜಿಟಿ 710. ಎರಡು ಜಿಬಿ ಅಂತ ಡಬ್ಬದ ಮೇಲೆ ದಪ್ಪಕ್ಷರ, ಆದರೆ ಎಚ್‌ಇವಿಸಿ ಡಿಕೋಡರ್ ಅದರಲ್ಲಿ ಇಲ್ಲ. 730 ಕೂಡ ಅದೇ ಕಥೆ. 2,500ಕ್ಕೆ ಬಂದ 710 ಹಾಕಿದರೆ ಎಚ್‌ಇವಿಸಿಯಲ್ಲಿ ಒಂದಿಂಚೂ ಬದಲಾವಣೆ ಇಲ್ಲ, 1,800ಕ್ಕೆ ವಾಪಸ್ ಹೋಯಿತು. ಬೇಕಾದ್ದು ಜಿಟಿ 1030. ಹೆಚ್ಚೆಂದರೆ 30 ವ್ಯಾಟ್, ಬೇರೆ ಪವರ್ ವೈರ್ ಬೇಡ, ಹಳೇ ಎಸ್‌ಎಂಪಿಎಸ್ (ಕರೆಂಟು ಕೊಡುವ ಡಬ್ಬ) ಸಾಕು. ಸೆಕೆಂಡ್ ಹ್ಯಾಂಡ್ ನಾಲ್ಕು ಸಾವಿರದ ಚಿಲ್ಲರೆಗೆ ಸಿಕ್ಕಿತು. ಡಿಡಿಆರ್4 ಮಾಡೆಲ್ ಅಂತ ಗೇಮ್ ಆಡೋರು ಮೂಗು ಮುರಿಯುತ್ತಾರೆ. ಸಿನಿಮಾಗೆ ಅದೇ ಸಾಕು, ಅದಕ್ಕೇ ಅಗ್ಗಕ್ಕೆ ಸಿಗುತ್ತೆ. ಕೆಲವು ಎಚ್61 ಬೋರ್ಡು ಬಯೋಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಆಗದೆ ಈ ಕಾರ್ಡಿಗೆ ಚಿತ್ರ ಕೊಡಲ್ಲ, ಅದನ್ನು ಮೊದಲೇ ಮುಗಿಸಿಕೊಳ್ಳಿ. ಮಾನಿಟರ್ ಕೇಬಲ್ಲನ್ನು ಬೋರ್ಡಿನಿಂದ ಕಿತ್ತು ಕಾರ್ಡಿಗೆ ಹಾಕಿ. ನಗಬೇಡಿ, ಹಾಕದೆ ಕಾರ್ಡ್ ಸತ್ತಿದೆ ಅಂದವರು ಬೇಕಾದಷ್ಟು ಜನ. ಆಮೇಲೆ ಟಾಸ್ಕ್ ಮ್ಯಾನೇಜರ್‌ನ ಜಿಪಿಯು ಪುಟದಲ್ಲಿ ವಿಡಿಯೋ ಡಿಕೋಡ್ ಗೆರೆ ಏಳಬೇಕು. ಅದು ಏಳದೆ ಪ್ರೊಸೆಸರ್ ಏಳುತ್ತಿದ್ದರೆ ಪ್ಲೇಯರ್‌ನಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ ಆಫ್ ಇದೆ. ಎಂಪಿವಿಯಲ್ಲಿ ಕಂಟ್ರೋಲ್ ಎಚ್. ಜೊತೆಗೆ 600 ರೂಪಾಯಿಗೆ ಇನ್ನೊಂದು ನಾಲ್ಕು ಜಿಬಿ ರ್‍ಯಾಮ್ ಸೇರಿತು. ಅದರಿಂದ ಬ್ರೌಸರ್ ಹಗುರ ಆಯಿತೇ ಹೊರತು ಸಿನಿಮಾಗೆ ಏನೂ ಆಗಲಿಲ್ಲ.

ಪೆನ್‌ಡ್ರೈವ್ ನಿಧಾನ ಅಂತ ಕೆಲವರ ವಾದ. 4ಕೆ ಫೈಲು ಸೆಕೆಂಡಿಗೆ 80 ಮೆಗಾಬಿಟ್ ಅಂದರೂ ಹತ್ತು ಮೆಗಾಬೈಟ್, ಯುಎಸ್‌ಬಿ 2 ಅದರ ಎರಡು ಮೂರು ಪಟ್ಟು ಕೊಡುತ್ತೆ. ಚಿತ್ರ ಪೂರ್ತಿ ನಿಂತು ನಿಂತು ಹೋದರೆ ಮಾತ್ರ ಡಿಸ್ಕ್ ಮೇಲೆ ಅನುಮಾನ ಪಡಿ, ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ರೀಅಲೊಕೇಟೆಡ್ ಸೆಕ್ಟರ್ (ಡಿಸ್ಕಿನಲ್ಲಿ ಕೆಟ್ಟ ಜಾಗದ ಲೆಕ್ಕ) ನೋಡಿ. ಇನ್ನು ಟಿವಿಯಿಂದ ರೆಕಾರ್ಡ್ ಮಾಡಿದ 25 ಫ್ರೇಮಿನ ಹಳೇ ಧಾರಾವಾಹಿಗಳು ಕ್ಯಾಮೆರಾ ಅಡ್ಡ ತಿರುಗಿದಾಗ ಕುಲುಕುತ್ತಿದ್ದವು. ಮಾನಿಟರನ್ನು 60ರಿಂದ 50 ಹರ್ಟ್ಸ್‌ಗೆ ಇಳಿಸಿದೆ, ಬೆಣ್ಣೆ.

ಯೂಟ್ಯೂಬಿಗೆ ಕಾರ್ಡ್ ಬರೋ ಮುಂಚೆ ಎಚ್264ಇಫೈ ಎಕ್ಸ್‌ಟೆನ್ಶನ್ ಹಾಕಿ ಎಲ್ಲವನ್ನೂ ಎಚ್.264ಗೆ ಇಳಿಸಿದ್ದೆ, ಆಗ 1080ಪಿಗಿಂತ ಮೇಲೆ ಸಿಗಲ್ಲ. ಕಾರ್ಡ್ ಬಂದ ಮೇಲೆ ಯೂಟ್ಯೂಬ್ ಬಳಸುವ ವಿಪಿ9 ಕೋಡೆಕ್ ಹಾರ್ಡ್‌ವೇರ್‌ನಲ್ಲೇ ಹೋಗುತ್ತೆ, ಆದರೆ ಅದಕ್ಕಿಂತ ಹೊಸ ಎವಿ1 ಕೋಡೆಕ್ 1030ಗೆ ಬರಲ್ಲ. ಅದೇ ಎಕ್ಸ್‌ಟೆನ್ಶನ್‌ನ ಎನ್‌ಹಾನ್ಸ್‌ಡ್ ಎನ್ನುವ ಆವೃತ್ತಿಯಲ್ಲಿ ಎವಿ1 ಒಂದನ್ನೇ ತಡೆದು ವಿಪಿ9 ಬಿಡಿ, ಫೈರ್‌ಫಾಕ್ಸ್ ಆದರೆ ಅಬೌಟ್ ಕಾನ್ಫಿಗ್‌ನಲ್ಲಿ ಎವಿ1 ಆಫ್ ಮಾಡಿ. ವಿಡಿಯೋ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಟಾಟ್ಸ್ ಫಾರ್ ನರ್ಡ್ಸ್ ತೆರೆದರೆ ಕೋಡೆಕ್ ಸಾಲಿನಲ್ಲಿ ವಿಪಿ09 ಅಂತ ಬರಬೇಕು.