ಮಕ್ಕಳೊಂದಿಗೆ ಸಾಣಾಪುರ ಕೆರೆಯ ದಂಡೆಯಲ್ಲಿ ನಡೆಯುವುದು ಹೇಗೆ?

ಚಳಿಗಾಲ ಶುರುವಾಯಿತೆಂದರೆ ರಾಯಚೂರು, ಸಿಂಧನೂರು, ಬಳ್ಳಾರಿ ಕಡೆಯಿಂದ ಮಕ್ಕಳು ಮರಿಗಳೊಂದಿಗೆ ಗಂಗಾವತಿ ತಾಲ್ಲೂಕಿನ ಸಾಣಾಪುರ ಕೆರೆಗೆ ಬರುವವರು ಹೆಚ್ಚುತ್ತಾರೆ. ಅವರಲ್ಲಿ ಬಹಳಷ್ಟು ಮಂದಿ ಬೆಳಿಗ್ಗೆ ಹನ್ನೊಂದಕ್ಕೆ ಬಂದಿಳಿದು, ಆಗಲೇ ಕಾದಿರುವ ಬಂಡೆಗಳ ಮೇಲೆ ಹವಾಯಿ ಚಪ್ಪಲಿ ತೊಟ್ಟ ಮಕ್ಕಳನ್ನು ಹತ್ತಿಸಿ, ಅರ್ಧ ಗಂಟೆಯೊಳಗೆ ಅಳು, ತರಚು ಗಾಯಗಳೊಂದಿಗೆ ಹಿಂತಿರುಗುವುದನ್ನು ನಾನು ಹಲವು ಸಲ ನೋಡಿದ್ದೇನೆ. ಈ ದಂಡೆ ಐದಾರು ವರ್ಷದ ಮಗುವೂ ಸಂತೋಷದಿಂದ ನಡೆಯಬಹುದಾದ ಜಾಗ. ಹಿರಿಯರು ಕೆಲವು ಸಂಗತಿಗಳನ್ನು ಮೊದಲೇ ತಿಳಿದು ಬಂದರೆ ಸಾಕು.

ಮೊದಲು ಹೊತ್ತನ್ನು ಗೊತ್ತು ಮಾಡಿಕೊಳ್ಳಬೇಕು. ನವೆಂಬರ್‌ನಿಂದ ಫೆಬ್ರುವರಿಯವರೆಗಿನ ತಿಂಗಳುಗಳು ಒಳ್ಳೆಯವು. ಮಾರ್ಚ್ ದಾಟಿದ ಮೇಲೆ ಮಕ್ಕಳನ್ನು ಕರೆತರಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಏಳು ಗಂಟೆಗೆ ನಡೆಯಲು ಆರಂಭಿಸಿ ಹತ್ತರೊಳಗೆ ವಾಹನದ ಬಳಿಗೆ ಮರಳಬೇಕು. ಸೂರ್ಯೋದಯ ನೋಡುವ ಆಸೆಯಿಂದ ಕತ್ತಲಲ್ಲೇ ಹೊರಡುವುದೂ ತಪ್ಪು, ಏಕೆಂದರೆ ಈ ಗುಡ್ಡಸಾಲಿನಲ್ಲಿ ಕರಡಿ ಮತ್ತು ಚಿರತೆಗಳಿದ್ದು, ಅವುಗಳ ಓಡಾಟ ಹೆಚ್ಚಾಗಿ ಬೆಳಕಿಲ್ಲದ ಹೊತ್ತಿನಲ್ಲಿ ಇರುತ್ತದೆ.

ಕಾಲಿಗೆ ಹಿಮ್ಮಡಿ ಮುಚ್ಚುವ ರಬ್ಬರ್ ಅಟ್ಟೆಯ ಬೂಟು, ತಲೆಗೆ ಟೋಪಿ, ಒಬ್ಬೊಬ್ಬರಿಗೆ ಒಂದು ಲೀಟರಿನಂತೆ ನೀರು, ಮುಚ್ಚಳ ಭದ್ರವಾಗಿರುವ ಸ್ಟೀಲ್ ಡಬ್ಬಿಯಲ್ಲಿ ಬುತ್ತಿ ಇದ್ದರೆ ಸಿದ್ಧತೆ ಮುಗಿಯಿತು. ಹೊಸ ಬೂಟನ್ನು ಅಂದೇ ಮೊದಲ ಸಲ ಹಾಕಿಸಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ತಿಂಡಿ ತಂದರೆ ಅದರ ಸದ್ದಿಗೇ ಕೋತಿಗಳು ಬರುತ್ತವೆ.

ದಾರಿಯ ವಿಷಯದಲ್ಲಿ ಕೆರೆಯ ಪೂರ್ತಿ ಸುತ್ತು ಹಾಕುವ ಹಠವನ್ನು ಬಿಡಬೇಕು. ಇದು ಉದ್ಯಾನದಲ್ಲಿ ಕಲ್ಲು ಹಾಸಿದ ನಡಿಗೆಯ ಹಾದಿಯಲ್ಲ. ಮೊಬೈಲಿನ ನಕ್ಷೆಯಲ್ಲಿ ಹತ್ತಿರವೆಂದು ಕಾಣುವ ಎರಡು ಜಾಗಗಳ ನಡುವೆ ಮನೆಯೆತ್ತರದ ಗುಂಡುಗಳು ಅಡ್ಡ ನಿಂತಿರುತ್ತವೆ. ಆದ್ದರಿಂದ ದೂರವನ್ನು ಬಿಟ್ಟು ಗಡಿಯಾರವನ್ನು ನೋಡಿ: ಮಕ್ಕಳ ಹೆಜ್ಜೆಯಲ್ಲಿ ಒಂದು ಗಂಟೆ ಹೋಗಿ, ಎಲ್ಲಿದ್ದರೂ ಅಲ್ಲಿಂದ ತಿರುಗಿ, ಬಂದ ದಾರಿಯಲ್ಲೇ ಬನ್ನಿ. ಮಂಡಿ ನೋವಿರುವ ಅಜ್ಜ ಅಜ್ಜಿಯರು ದಂಡೆಯ ಪಕ್ಕದ ಸಮತಟ್ಟಾದ ನೆಲದಲ್ಲೇ ನಡೆದರೂ ನೀರು, ಗುಡ್ಡ, ಹಕ್ಕಿ ಎಲ್ಲವೂ ಕಾಣುತ್ತವೆ.

ಇನ್ನು ಬಂಡೆಯ ಮೇಲಿನ ನಡಿಗೆ. ಎಲ್ಲರೂ ಎಡವುವುದು ಇಲ್ಲೇ ಆದ್ದರಿಂದ ಇದನ್ನು ವಿವರವಾಗಿ ಹೇಳಬೇಕಾಗಿದೆ. ಈ ಭಾಗದ ಗ್ರಾನೈಟ್ ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದು. ಬಿಸಿಲು, ಮಳೆ, ಚಳಿಗಳಿಗೆ ಸಿಕ್ಕಿ ಅದರ ಮೈ ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಏಳುತ್ತದೆ. ಎದ್ದ ಪದರ ಪುಡಿಯಾಗಿ ಸಾಸಿವೆ, ಜೋಳದ ಕಾಳಿನಷ್ಟು ದಪ್ಪನೆಯ ಗರಸಾಗಿ ಬಂಡೆಯ ಮೇಲೇ ಉಳಿಯುತ್ತದೆ. ಮಕ್ಕಳು ಜಾರಿ ಬೀಳುವುದು ಬಹುಪಾಲು ಈ ಗರಸಿನಿಂದ. ಬರಿಯ ಬಂಡೆ ಸ್ವಲ್ಪ ಇಳಿಜಾರಾಗಿದ್ದರೂ ಉಪ್ಪುಕಾಗದದಂತೆ ಅಟ್ಟೆಯನ್ನು ಹಿಡಿದುಕೊಳ್ಳುತ್ತದೆ, ಆದರೆ ಅದೇ ಬಂಡೆಯ ಮೇಲೆ ಒಂದು ಹಿಡಿ ಗರಸಿದ್ದರೆ ಕಾಳುಗಳು ಬೂಟಿನಡಿ ಉರುಳಿ ಕಾಲು ಹಾರಿಹೋಗುತ್ತದೆ. ಆದ್ದರಿಂದ ಮುಂದೆ ನಡೆಯುವ ಹಿರಿಯರು ಕೈಯಲ್ಲೊಂದು ಸೊಪ್ಪಿನ ಟೊಂಗೆ ಹಿಡಿದು, ಮಕ್ಕಳು ಕಾಲಿಡುವ ಜಾಗದಲ್ಲಿ ಗರಸನ್ನು ಗುಡಿಸುತ್ತಾ ಹೋಗಬೇಕು. ಎದ್ದಿರುವ ಪದರವನ್ನು ಗುರುತಿಸುವುದೂ ಕಷ್ಟವಲ್ಲ: ಬೆರಳ ಗೆಣ್ಣಿನಿಂದ ತಟ್ಟಿದರೆ ಗಟ್ಟಿ ಬಂಡೆ ಸದ್ದು ಮಾಡುವುದಿಲ್ಲ, ಟೊಳ್ಳು ಪದರ ಖಾಲಿ ಮಡಕೆಯಂತೆ ಸದ್ದು ಕೊಡುತ್ತದೆ. ಅಂಥ ಕಡೆ ಕಾಲಿಡಬಾರದು. ಬಂಡೆಯ ಮೇಲೆ ಮೇಲಿಂದ ಕೆಳಗೆ ಇಳಿದಿರುವ ಕಪ್ಪು ಪಟ್ಟೆಗಳು ಮಳೆನೀರು ಹರಿದ ಜಾಡು; ಇಬ್ಬನಿ ಬಿದ್ದ ಬೆಳಿಗ್ಗೆ ಅವನ್ನು ದಾಟಿ ಹೆಜ್ಜೆ ಇಡಬೇಕೇ ಹೊರತು ಅವುಗಳ ಮೇಲೆ ಇಡಬಾರದು.

ಏರುವುದು ಸುಲಭ, ಇಳಿಯುವುದು ಕಷ್ಟ ಎಂಬುದನ್ನು ಮಕ್ಕಳು ತಾವಾಗಿ ಅರಿಯಲಾರರು. ನನ್ನ ಅಕ್ಕನ ಮಗಳು ಏಳು ವರ್ಷದವಳಿದ್ದಾಗ ಒಂದು ಗುಂಡನ್ನು ನಾಲ್ಕೇ ನೆಗೆತಕ್ಕೆ ಹತ್ತಿ, ಕೆಳಗೆ ನೋಡಿದ ಕೂಡಲೇ ಕಲ್ಲಿಗೆ ಅಂಟಿಕೊಂಡಂತೆ ಕುಳಿತುಬಿಟ್ಟಳು. ನಾನು ಕೆಳಗಿನಿಂದ ಕೈ ಚಾಚಿ 'ಬಾ' ಎಂದಷ್ಟೂ ಅವಳ ಭಯ ಹೆಚ್ಚಿತು. ಅಂದು ಕಲಿತ ಕ್ರಮವನ್ನು ಇಂದಿಗೂ ಪಾಲಿಸುತ್ತೇನೆ: ಹತ್ತಿಸುವ ಮೊದಲೇ ಇಳಿಯುವ ದಾರಿ ನೋಡಿಕೊಳ್ಳುವುದು, ಹತ್ತುವಾಗಲೂ ಇಳಿಯುವಾಗಲೂ ಹಿರಿಯರು ಮಗುವಿಗಿಂತ ಕೆಳಗೆ ಇರುವುದು, ಇಳಿಜಾರು ಹೆಚ್ಚಾದ ಕಡೆ ಮಗುವನ್ನು ಬಂಡೆಗೆ ಮುಖ ಮಾಡಿಸಿ ಒಂದೊಂದೇ ಪಾದವನ್ನು ನಮ್ಮ ಕೈಯಿಂದ ಹಿಡಿದು ಸರಿಯಾದ ಜಾಗಕ್ಕೆ ಊರಿಸುವುದು. ಐದು ವರ್ಷದೊಳಗಿನ ಮಗುವನ್ನು ಒಂದೇ ಕೈ ಹಿಡಿದು ಮೇಲಕ್ಕೆ ಎಳೆಯಲೇಬಾರದು, ಅದರಿಂದ ಮೊಣಕೈ ಕೀಲು ಜಾರುವ ಸಂಭವವಿದೆ. ಎರಡೂ ಕಂಕುಳಲ್ಲಿ ಕೈ ಕೊಟ್ಟು ಎತ್ತಬೇಕು. ದೊಡ್ಡ ಗುಂಡುಗಳ ಕೆಳಗೆ ಹೆಜ್ಜೇನು ಕಟ್ಟಿದ್ದರೆ ಮಾತಾಡದೆ ಬೇರೆ ದಾರಿ ಹಿಡಿಯಿರಿ.

ಅರ್ಧ ದಾರಿಯಲ್ಲಿ ನೆರಳು ನೋಡಿ ಕುಳಿತು ಬುತ್ತಿ ಬಿಚ್ಚಬಹುದು. ನಮ್ಮ ಕಡೆಯ ಒಗ್ಗರಣೆ ಮಂಡಕ್ಕಿ ಇದಕ್ಕೆ ಹೇಳಿ ಮಾಡಿಸಿದ್ದು, ಮಿರ್ಚಿಯನ್ನು ಮಾತ್ರ ಮನೆಗೆ ಮರಳಿದ ಮೇಲೆ ತಿನ್ನಿ. ಬಿಸಿಲಿಗೆ ಮಕ್ಕಳು ಸೊರಗಿದಂತೆ ಕಂಡರೆ ಬಣ್ಣದ ಬಾಟಲಿ ಪಾನೀಯಗಳನ್ನು ಕೊಡಬೇಡಿ, ಅವುಗಳಲ್ಲಿ ಸಕ್ಕರೆ ಅತಿಯಾಗಿರುತ್ತದೆ. ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಿ. ಇಲ್ಲಿ ಕುಳಿತಾಗ ಮಕ್ಕಳಿಗೆ ಹಳದಿ ಕೊರಳಿನ ಪಿಕಳಾರವನ್ನು ಹುಡುಕಲು ಹೇಳಿ. ದಕ್ಷಿಣ ಭಾರತದ ಇಂಥ ಕಲ್ಲುಗುಡ್ಡಗಳ ಕುರುಚಲಲ್ಲಿ ಬಿಟ್ಟರೆ ಅದು ಬೇರೆಲ್ಲೂ ಇಲ್ಲ.

ನೀರಿನ ವಿಷಯದಲ್ಲಿ ರಿಯಾಯಿತಿ ಬೇಡ. ಹಳ್ಳಿಯ ಕೆರೆಯಂತೆ ಇಲ್ಲಿ ದಂಡೆ ಮೆಲ್ಲಗೆ ಇಳಿಯುವುದಿಲ್ಲ. ಬಂಡೆಗಳ ನಡುವೆ ನಿಂತ ನೀರಾದ್ದರಿಂದ ಒಂದು ಹೆಜ್ಜೆಗೆ ಮೊಣಕಾಲುದ್ದವಿದ್ದರೆ ಮುಂದಿನ ಹೆಜ್ಜೆಗೆ ಆಳು ಮುಳುಗುವಷ್ಟಿರಬಹುದು. ನೀರಂಚಿನ ಬಂಡೆಗೆ ಪಾಚಿ ಹಿಡಿದಿರುತ್ತದೆ. ಅಂಚಿನಿಂದ ಹತ್ತು ಹೆಜ್ಜೆಯೊಳಗೆ ಮಗುವಿನ ಕೈ ಹಿರಿಯರ ಕೈಯಲ್ಲೇ ಇರಬೇಕು. ಕೆರೆಗೆ ಸೇರಿದ ಕಾಲುವೆಯ ಅಂಚು ಇನ್ನೂ ಅಪಾಯಕರ: ಅದರ ಇಳಿಜಾರಿನಲ್ಲಿ ಜಾರಿದವರಿಗೆ ಹರಿವಿನ ನಡುವೆ ಹಿಡಿದು ಹತ್ತಲು ಆಸರೆ ಸಿಗುವುದಿಲ್ಲ. ಗಾಳಿ ತುಂಬುವ ತೋಳುಪಟ್ಟಿ, ಬಾತುಕೋಳಿ ಟ್ಯೂಬುಗಳನ್ನು ದಯವಿಟ್ಟು ತರಬೇಡಿ. ಅವು ಆಟಿಕೆಗಳು, ಜೀವರಕ್ಷಕ ಎಂದು ನಂಬಿ ಮಗುವನ್ನು ನೀರಿಗೆ ಬಿಡುವಂಥವಲ್ಲ.

ಹರಿಗೋಲು ಹತ್ತುವುದಾದರೆ ನಡಿಗೆ ಮುಗಿಸಿ, ಲೈಫ್ ಜಾಕೆಟ್ ಇದ್ದರೆ ಮಾತ್ರ ಹತ್ತಿ. ಜಾಕೆಟ್ಟಿನ ಪಟ್ಟಿಗಳನ್ನೆಲ್ಲ ಬಿಗಿದು, ಭುಜದ ಭಾಗವನ್ನು ಹಿಡಿದು ಮೇಲಕ್ಕೆ ಎತ್ತಿ ನೋಡಿ. ಅದು ಮಗುವಿನ ಕಿವಿಯವರೆಗೆ ಸರಿದರೆ ಆ ಜಾಕೆಟ್ ದೊಡ್ಡದು, ಚಿಕ್ಕದನ್ನು ಕೇಳಿ. ಚಿಕ್ಕದಿಲ್ಲವೆಂದರೆ ಇಳಿದುಬಿಡಿ.

ಹಿಂತಿರುಗಿದ ಮೇಲೆ ಬೂಟು ಬಿಚ್ಚಿಸಿ ಗರಸು ಕೊಡವಿ, ಬೆರಳ ಸಂದುಗಳಲ್ಲಿ ಬೊಬ್ಬೆ ಎದ್ದಿದೆಯೇ ನೋಡಿ. ಹತ್ತಿರವೇ ಇದೆಯೆಂದು ಅಂದೇ ಅಂಜನಾದ್ರಿಯ 575 ಮೆಟ್ಟಿಲುಗಳನ್ನು ಹತ್ತಿಸಲು ಹೋಗಬೇಡಿ. ದಣಿದ ಮಕ್ಕಳಿಗೆ ಪಂಪಾ ಸರೋವರದ ಮೆಟ್ಟಿಲ ಮೇಲೆ ಅರ್ಧ ಗಂಟೆ ಕುಳಿತರೆ ಸಾಕು.