ಫಾರ್ವರ್ಡ್ ಮೆಸೇಜಿನಲ್ಲಿ ಮೊದಲು ನಿಜ ಹುಡುಕಿ

ನಾನು ಮಂಡ್ಯ ಜಿಲ್ಲೆಯ ಒಂದು ಹಳ್ಳಿಯಲ್ಲಿ ಹಾಲಿನ ಡೈರಿ ಕಾರ್ಯದರ್ಶಿ. ಡೈರಿಯ ವಾಟ್ಸಾಪ್ ಗ್ರೂಪನ್ನೂ ನಾನೇ ನೋಡಿಕೊಳ್ಳುತ್ತೇನೆ. ಪಶು ಡಾಕ್ಟರು ಯಾವತ್ತು ಬರುತ್ತಾರೆ, ಬಟವಾಡೆ ಯಾವಾಗ ಅಂತ ತಿಳಿಸಲು ಮಾಡಿದ ಗ್ರೂಪು. ಈಗ ಅದರಲ್ಲಿ ಹವಾಮಾನದ ಬಗ್ಗೆ ಬರುವ ಸುಳ್ಳೂ ಜಾಸ್ತಿ. ಭೂಮಿ ಬಿಸಿಯಾಗುತ್ತಿಲ್ಲ, ಬಿಸಿಯಾಗಿದ್ದರೂ ಅದು ಸೂರ್ಯನ ಕೆಲಸ, ಎಲ್ಲ ವಿದೇಶದವರ ಕುತಂತ್ರ, ಹೀಗೆ. ಇಂಥದ್ದು ಬಂದಾಗ ನಾನು ಮೊದಲು ನೋಡುವುದು, ಇದರಲ್ಲಿ ನಿಜ ಎಷ್ಟಿದೆ ಅಂತ. ಪೂರ್ತಿ ಸುಳ್ಳನ್ನು ನಮ್ಮ ಜನ ನಂಬುವುದಿಲ್ಲ. ಒಂದು ನಿಜದ ಜೊತೆ ಸೇರಿಸಿ ಕಳಿಸಿದರೆ ನಂಬುತ್ತಾರೆ.

'ಅಲ್ಫೆಲಿಯನ್' ಮೆಸೇಜನ್ನೇ ತೆಗೆದುಕೊಳ್ಳಿ (ಭೂಮಿ ಸೂರ್ಯನಿಂದ ಅತಿ ದೂರ ಇರುವುದಕ್ಕೆ ಇಂಗ್ಲಿಷಿನಲ್ಲಿ 'ಅಫೀಲಿಯನ್' ಅಂತಾರೆ, ಮೆಸೇಜಿನಲ್ಲಿ ಅದನ್ನೇ ತಪ್ಪಾಗಿ ಬರೆದಿದ್ದಾರೆ). ನಿಮಗೂ ಬಂದಿರಬಹುದು. ನಾಳೆ ಬೆಳಿಗ್ಗೆ 5:27ರಿಂದ ಭೂಮಿ ಸೂರ್ಯನಿಂದ ದೂರ ಹೋಗುತ್ತದೆ, ಆಗಸ್ಟ್‌ವರೆಗೂ ಎಂದೂ ಇಲ್ಲದ ಚಳಿ, ನೆಗಡಿ ಕೆಮ್ಮು ಬರುತ್ತದೆ ಅಂತ. ಮಾಮೂಲಿ ದೂರ 9 ಕೋಟಿ ಕಿಲೋಮೀಟರ್, ಈಗ 15.2 ಕೋಟಿ ಆಗುತ್ತದಂತೆ. ಇದರಲ್ಲಿ 15.2 ಕೋಟಿ ನಿಜ. ಜುಲೈ ಮೊದಲ ವಾರದಲ್ಲಿ ಭೂಮಿ ಅಷ್ಟು ದೂರ ಇರುತ್ತದೆ, ಪ್ರತಿ ವರ್ಷವೂ. ಸುಳ್ಳು ಇರುವುದು 9 ಕೋಟಿಯಲ್ಲಿ. ಜನವರಿಯಲ್ಲಿ ತೀರಾ ಹತ್ತಿರ ಬಂದಾಗಲೂ ದೂರ 14.7 ಕೋಟಿ. ಶುಕ್ರ ಗ್ರಹವೇ ಸೂರ್ಯನಿಂದ ಸುಮಾರು 10.8 ಕೋಟಿ ಕಿಲೋಮೀಟರ್ ದೂರದಲ್ಲಿದೆ. ಮೆಸೇಜಿನ ಪ್ರಕಾರ ನಾವು ಶುಕ್ರನಿಗಿಂತ ಒಳಗೆ ಇರಬೇಕಾಗಿತ್ತು! ಇದನ್ನು ಗ್ರೂಪಿನಲ್ಲಿ ಹೇಳಿದರೆ ಯಾರ ಮನಸ್ಸಿಗೂ ನೋವಾಗುವುದಿಲ್ಲ. ಒಂದು ಅಂಕಿ ಹಿಡಿದು ನೋಡಿದರೆ ಸಾಕು ಅನ್ನುವುದು ಎಲ್ಲರಿಗೂ ಗೊತ್ತಾಗುತ್ತದೆ. ಅದಕ್ಕೇ ಇಂಥ ಸುಲಭದ ಮೆಸೇಜಿನಿಂದಲೇ ಶುರು ಮಾಡಿ.

ಇನ್ನು ಕಷ್ಟದ್ದು. ನಮ್ಮ ಊರಿನ ಹಿರಿಯರೊಬ್ಬರು ಹಾಲು ಅಳೆಸುತ್ತಾ ಹೇಳಿದರು: "ಬರ ಏನ್ ಹೊಸದಾ ಕಣವ್ವ? ನಮ್ ತಾತನ ಕಾಲದಲ್ಲೂ ಇತ್ತು." ನಿಜ ಅಲ್ವಾ? 1876ರಿಂದ 78ರವರೆಗಿನ ಧಾತು-ಈಶ್ವರ ಬರದಲ್ಲಿ ಮೈಸೂರು ಸೀಮೆಯಲ್ಲಿ ಲಕ್ಷಾಂತರ ಜನ ಸತ್ತರು. ನಾನು ಅದನ್ನು ಒಪ್ಪಿಕೊಂಡೇ ಮಾತು ಮುಂದುವರಿಸಿದೆ. "ಹೌದು ತಾತ, ಬರ ಆಗಲೂ ಇತ್ತು. ಆದ್ರೆ ಈಗ ಇಡೀ ಭೂಮಿ ಯಾಕೆ ಬಿಸಿ ಆಗ್ತಾ ಇದೆ?" ಹಿಂದೆ ಬೇರೆ ಕಾರಣಕ್ಕೆ ಏರುಪೇರು ಆಗಿತ್ತು ಅಂದ ಮಾತ್ರಕ್ಕೆ ಈಗಿನದಕ್ಕೂ ಅದೇ ಕಾರಣ ಅಂತ ಆಗುವುದಿಲ್ಲ. ಕಾರಣವನ್ನು ಬೇರೆಯಾಗಿಯೇ ಹುಡುಕಬೇಕು, ವಿಜ್ಞಾನಿಗಳು ಹುಡುಕಿದ್ದಾರೆ.

ಅದನ್ನು ಹೇಳಲು ಮೂರು ವಿಷಯ ಗೊತ್ತಿದ್ದರೆ ಸಾಕು. ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ 1958ರಿಂದ ಗಾಳಿಯಲ್ಲಿರುವ, ಭೂಮಿಯ ಶಾಖ ಹಿಡಿದಿಡುವ ಇಂಗಾಲದ ಡೈಆಕ್ಸೈಡ್ ಅಳೆಯುತ್ತಾ ಬಂದಿದ್ದಾರೆ. ಆಗ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅದು ಸುಮಾರು 315 ಭಾಗ ಇತ್ತು, ಈಗ 420 ದಾಟಿದೆ. ಜಾಸ್ತಿಯಾಗಿದ್ದು ಕಲ್ಲಿದ್ದಲು, ಪೆಟ್ರೋಲಿನಿಂದಲೇ ಅಂತ ಹೇಗೆ ಗೊತ್ತು? ನೆಲದಡಿ ಕೋಟ್ಯಂತರ ವರ್ಷ ಇದ್ದ ಇಂಗಾಲದಲ್ಲಿ ಕಾರ್ಬನ್-14 (ವರ್ಷ ಕಳೆದಂತೆ ತಾನೇ ನಶಿಸುವ ಇಂಗಾಲದ ಒಂದು ಬಗೆ) ಉಳಿದಿರುವುದಿಲ್ಲ. ಅದರ ಹೊಗೆ ಸೇರಿದಷ್ಟೂ ಗಾಳಿಯಲ್ಲಿ ಕಾರ್ಬನ್-14ರ ಪಾಲು ತೆಳುವಾಗುತ್ತದೆ. ಅದನ್ನೂ ಅಳೆದಿದ್ದಾರೆ. ಮೂರನೆಯದು ಸೂರ್ಯ. ಸೂರ್ಯನ ಶಾಖ ಹೆಚ್ಚಿದ್ದರೆ ಕೆಳಗಿನ ಗಾಳಿಯ ಜೊತೆ ಮೇಲಿನ ವಾಯುಮಂಡಲವೂ ಬಿಸಿಯಾಗಬೇಕಿತ್ತು. ಆದರೆ ಕೆಳಗೆ ಬಿಸಿ ಏರಿದೆ, ಮೇಲೆ ತಣ್ಣಗಾಗಿದೆ. ಈ ಕೊನೆಯ ಮಾತು ನನಗೆ ತುಂಬಾ ಉಪಯೋಗಕ್ಕೆ ಬಂದಿದೆ.

ಜ್ವಾಲಾಮುಖಿ ಅಂತ ವಾದ ಮಾಡುವವರಿಗೆ ಒಂದೇ ಸಾಲು: ಎಲ್ಲ ಜ್ವಾಲಾಮುಖಿ ಸೇರಿ ವರ್ಷಕ್ಕೆ ಬಿಡುವ ಡೈಆಕ್ಸೈಡ್, ಮನುಷ್ಯ ಬಿಡುವುದರಲ್ಲಿ ಶೇ. 2 ಕೂಡ ಆಗುವುದಿಲ್ಲ.

ಕನ್ನಂಬಾಡಿ ಕಟ್ಟೆಯ ಫೋಟೋ ಹಾಕಿ ವಾದ ಮಾಡುವವರೂ ಇದ್ದಾರೆ. 2025ರಲ್ಲಿ ಜೂನ್ ತಿಂಗಳಲ್ಲೇ ಕಟ್ಟೆ ತುಂಬಿ 124.80 ಅಡಿ ಮುಟ್ಟಿತು, ಹವಾಮಾನ ಎಲ್ಲಿ ಕೆಟ್ಟಿದೆ ಅಂತ. ಬೇಕಾದ ವರ್ಷ ಮಾತ್ರ ಆರಿಸಿಕೊಳ್ಳುವುದು ಇವರ ದಾರಿ. 2023ರಲ್ಲಿ ಕಟ್ಟೆ ತುಂಬಲೇ ಇಲ್ಲ, ಅದನ್ನು ಹೇಳುವುದಿಲ್ಲ. ನಾನು ಕೇಳುವುದು ಇಷ್ಟೇ: ಒಂದು ಹೊತ್ತಿನ ಹಾಲಿನ ಫ್ಯಾಟ್ (ಕೊಬ್ಬಿನಂಶ) ನೋಡಿ ಹಸುವಿಗೆ ಬೆಲೆ ಕಟ್ಟುತ್ತೀರಾ? ಹವಾಮಾನ ಅಳೆಯುವವರು ಮೂವತ್ತು ವರ್ಷದ ಸರಾಸರಿ ನೋಡುತ್ತಾರೆ.

ಹವಾಮಾನ ಕೆಡುತ್ತಿದೆ ಅನ್ನುವ ನಮ್ಮ ಕಡೆಯವರೂ ಇದೇ ತಪ್ಪು ಮಾಡುತ್ತಾರೆ, ಅದು ನನಗೆ ಇನ್ನೂ ಬೇಜಾರು. 2023ರ ಬರ ಪೂರ್ತಿ ಹವಾಮಾನ ಬದಲಾವಣೆಯಿಂದಲೇ ಅಂತ ಹಾಕಿದರೆ ನಾನು ಅದನ್ನೂ ತಿದ್ದುತ್ತೇನೆ. ಅದು ಎಲ್ ನಿನೊ ವರ್ಷ ಆಗಿತ್ತು, ಅಂದರೆ ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ನಮ್ಮ ಮುಂಗಾರು ಸಾಮಾನ್ಯವಾಗಿ ಸೊರಗುವ ವರ್ಷ. ಗೊತ್ತಿರುವಷ್ಟೇ ಹೇಳಿ: ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7 ಜಾಸ್ತಿ ನೀರಿನ ಆವಿ ಹಿಡಿದುಕೊಳ್ಳುತ್ತದೆ, ಹಾಗಾಗಿ ಜೋರು ಮಳೆ ಇನ್ನೂ ಜೋರಾಗುತ್ತದೆ. ಉತ್ಪ್ರೇಕ್ಷೆ ಮಾಡಿ ಒಂದು ಸಲ ಸಿಕ್ಕಿಬಿದ್ದರೆ ಆಮೇಲೆ ನಿಜ ಹೇಳಿದರೂ ಕೇಳುವವರಿಲ್ಲ.

ಡೈರಿಯಲ್ಲಿ ಜಾಸ್ತಿ ಜಗಳ ಆಗುವುದು ಹಸುವಿನ ಮೆಸೇಜಿಗೆ. 'ನಮ್ಮ ಹಸು ತೇಗಿದರೆ ಭೂಮಿ ಬಿಸಿಯಂತೆ, ಹಸು ಸಾಕುವುದನ್ನೇ ನಿಲ್ಲಿಸಲು ವಿದೇಶದವರ ಸಂಚು.' ಇಲ್ಲೂ ಮೊದಲು ನಿಜ. ಮೆಲುಕು ಹಾಕುವ ದನದ ತೇಗಿನಲ್ಲಿ ಮೀಥೇನ್ ಬರುತ್ತದೆ, ಅದು ಶಾಖ ಹಿಡಿದಿಡುವುದರಲ್ಲಿ ಬಲವಾದ ಅನಿಲ. ಆದರೆ ಅದು ಗಾಳಿಯಲ್ಲಿ ಹತ್ತು ಹನ್ನೆರಡು ವರ್ಷ ಇರುತ್ತದೆ. ಕಲ್ಲಿದ್ದಲಿನ ಹೊಗೆಯಲ್ಲಿ ಒಂದು ಪಾಲು ಸಾವಿರಾರು ವರ್ಷ ಉಳಿಯುತ್ತದೆ. ಭೂಮಿ ಬಿಸಿಯಾಗಲು ದೊಡ್ಡ ಕಾರಣ ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ಲೇ.

ಸಂಚಿನ ಮಾತಿಗೆ ಬಂದರೆ, ಅದರ ಹಿಂದಿರುವ ಸಿಟ್ಟು ನ್ಯಾಯವಾದದ್ದು. ಭಾರತದಲ್ಲಿ ತಲೆಗೆ ವರ್ಷಕ್ಕೆ ಸುಮಾರು 2 ಟನ್ ಡೈಆಕ್ಸೈಡ್, ಅಮೆರಿಕದಲ್ಲಿ ಅದರ ಆರೇಳು ಪಟ್ಟು. ಅದನ್ನು ಬಾಯಿಬಿಟ್ಟು ಹೇಳಿ. ಆದರೆ ಲೆಕ್ಕ ನಿನ್ನೆ ಮೊನ್ನೆ ಕಟ್ಟಿದ್ದಲ್ಲ. ಡೈಆಕ್ಸೈಡ್ ಹೆಚ್ಚಿದರೆ ಭೂಮಿ ಬಿಸಿಯಾಗುತ್ತದೆ ಅಂತ ಸ್ವೀಡನ್ನಿನ ವಿಜ್ಞಾನಿ ಅರ‍್ಹೇನಿಯಸ್ ಲೆಕ್ಕ ಹಾಕಿದ್ದು 1896ರಲ್ಲಿ. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಿದ್ದೇ 1911ರಲ್ಲಿ. ಅಷ್ಟು ಹಿಂದೆ ಯಾರು ಯಾರ ಮೇಲೆ ಸಂಚು ಮಾಡಲು ಸಾಧ್ಯ?

ಉತ್ತರ ಕೊಡುವ ರೀತಿಯೂ ಮುಖ್ಯ. ಹಾಕಿದವರ ಹೆಸರು ಹಿಡಿದು ಗ್ರೂಪಿನಲ್ಲಿ ಬೈಯಬೇಡಿ, ಅವರು ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಹಾಲು ತಂದಾಗ ಪಕ್ಕಕ್ಕೆ ಕರೆದು ಮಾತಾಡಿ. ಗ್ರೂಪಿನಲ್ಲಿ ಬರೆಯಲೇಬೇಕಾದರೆ ನಿಜದಿಂದ ಶುರು ಮಾಡಿ, ಸುಳ್ಳನ್ನು ಒಂದೇ ಸಲ ಹೇಳಿ, ಮತ್ತೆ ನಿಜದಿಂದ ಮುಗಿಸಿ. ತಪ್ಪು ಅಂತ ತೋರಿಸಲು ಅದೇ ಮೆಸೇಜನ್ನು ಬೇರೆ ಗ್ರೂಪಿಗೆ ಕಳಿಸಬೇಡಿ. ಎರಡು ಬಾಣದ ಗುರುತು ಇದ್ದರೆ ಅದು ಆಗಲೇ ಬಹಳ ಕೈ ದಾಟಿ ಬಂದಿದೆ ಅಂತ ಅರ್ಥ. ಫೋಟೋ ಬಂದರೆ ಗೂಗಲ್ ಲೆನ್ಸ್‌ನಲ್ಲಿ ಹಾಕಿ ನೋಡಿ, ಹಳೇದೋ ಬೇರೆ ದೇಶದ್ದೋ ಅಂತ ಎಷ್ಟೋ ಸಲ ಅಲ್ಲೇ ಗೊತ್ತಾಗುತ್ತದೆ.

ಸುಳ್ಳು ಬರುವ ಮೊದಲೇ ಒಳ್ಳೆ ಮಾಹಿತಿ ಗ್ರೂಪಿನಲ್ಲಿರಲಿ. ಹವಾಮಾನ ಇಲಾಖೆಯ ಮೇಘದೂತ್ ಆ್ಯಪ್‌ನಲ್ಲಿ ಮಂಗಳವಾರ, ಶುಕ್ರವಾರ ಜಿಲ್ಲೆಯ ರೈತರಿಗೆ ಕನ್ನಡದಲ್ಲೇ ಸಲಹೆ ಬರುತ್ತದೆ. ಬೆಳೆಯ ಪ್ರಶ್ನೆಗೆ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂ ಇದೆ. ಮುಂಗಾರು ಶುರುವಾದರೆ ನಾನು ಮಳೆಯ ಮುನ್ಸೂಚನೆ, ಕಟ್ಟೆಯ ನೀರಿನ ಮಟ್ಟ ಎರಡನ್ನೂ ಗ್ರೂಪಿಗೆ ಹಾಕುತ್ತೇನೆ. ದೊಡ್ಡ ಫೋನ್ ಇಲ್ಲದವರಿಗೆ ಡೈರಿ ಬೋರ್ಡಿನ ಮೇಲೆ ಹಾಲಿನ ದರದ ಪಕ್ಕದಲ್ಲೇ ಬರೆಯುತ್ತೇನೆ.