‘ಜರ್ಕ್’ ಪದದ ಅರ್ಥ ಹಿಡಿಯುವುದು ಹೇಗೆ?

‘ಗಾಡಿ ಜರ್ಕ್ ಹೊಡೆಯಿತು’ ಎಂದು ಕನ್ನಡದಲ್ಲೇ ಹೇಳುತ್ತೇವೆ. ಹಾಗಾಗಿ ಈ ಇಂಗ್ಲಿಷ್ ಪದ ನಮಗೆ ಗೊತ್ತು ಅನ್ನಿಸುತ್ತದೆ. ಆದರೆ ‘ಹಿ ಈಸ್ ಎ ಜರ್ಕ್’ ಎಂದು ಓದಿದಾಗ ಆ ಅರ್ಥ ಕೂಡುವುದಿಲ್ಲ, ಅಲ್ವಾ? ಇಂಥ ಕಡೆ ಪದದ ಅಕ್ಕಪಕ್ಕ ಏನಿದೆ ಎಂದು ನೋಡಬೇಕು.

ಮೊದಲು, ಏನಾದರೂ ಅಲುಗಾಡುತ್ತಿದೆಯಾ ನೋಡಿ. ರೈಲು, ಹಗ್ಗ, ಕೈ, ತಲೆ ಇಂಥದ್ದು ಕಂಡರೆ ಥಟ್ಟನೆ ಎಳೆಯುವುದು ಅಥವಾ ಕುಲುಕುವುದು ಎಂದೇ ತಿಳಿಯಿರಿ. ‘ಶಿ ಜರ್ಕ್ಡ್ ಹರ್ ಹ್ಯಾಂಡ್ ಅವೇ’ ಅಂದರೆ ಅವಳು ಕೈಯನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡಳು. ಮೆಲ್ಲಗೆ ಎಳೆದುಕೊಂಡಿದ್ದರೆ ಈ ಪದ ಬರುವುದಿಲ್ಲ, ‘ಪುಲ್ಡ್’ ಸಾಕು.

ಆಮೇಲೆ ಮಾತು ಯಾವ ಕ್ಷೇತ್ರದ್ದು ಎಂದು ಗಮನಿಸಿ. ವೇಟ್‌ಲಿಫ್ಟಿಂಗ್‌ನ ‘ಕ್ಲೀನ್ ಅಂಡ್ ಜರ್ಕ್’ನಲ್ಲಿ ಭಾರವನ್ನು ಮೊದಲು ಹೆಗಲಿಗೆ ತರುತ್ತಾರೆ. ಅಲ್ಲಿಂದ ಒಂದೇ ನೂಕಿಗೆ ತಲೆಯ ಮೇಲಕ್ಕೆ ಎತ್ತುವುದು ಜರ್ಕ್.

ಭೌತವಿಜ್ಞಾನದ ಅರ್ಥ ನನಗೆ ಎಲ್ಲಕ್ಕಿಂತ ಇಷ್ಟ. ಅಲ್ಲಿ ವೇಗೋತ್ಕರ್ಷ (ವೇಗ ಬದಲಾಗುವ ದರ) ಎಷ್ಟು ಬೇಗ ಬದಲಾಗುತ್ತದೆ ಎಂಬ ಅಳತೆಯೇ ಜರ್ಕ್. ಬ್ರೇಕ್ ಒತ್ತಿದಾಗ ಕಾರಿನ ವೇಗ ಇಳಿಯುತ್ತಾ ಬರುತ್ತದೆ. ನಿಮ್ಮ ದೇಹ ಆ ಇಳಿತಕ್ಕೆ ಹೊಂದಿಕೊಂಡು ಕೂತಿರುತ್ತದೆ. ಕಾರು ಪೂರ್ತಿ ನಿಂತ ಕ್ಷಣ ಇಳಿತವೂ ಒಮ್ಮೆಲೇ ನಿಲ್ಲುತ್ತದೆ, ತಲೆ ಹಿಂದಕ್ಕೆ ವಾಲುತ್ತದೆ. ಒಳ್ಳೆಯ ಚಾಲಕರು ನಿಲ್ಲುವ ಮುಂಚೆ ಬ್ರೇಕನ್ನು ಚೂರು ಸಡಿಲಿಸುವುದು ಇದಕ್ಕೇ. ಲಿಫ್ಟ್ ವಿನ್ಯಾಸ ಮಾಡುವವರೂ ಜರ್ಕ್ ಎಷ್ಟಿರಬೇಕು ಎಂದು ಲೆಕ್ಕ ಹಾಕುತ್ತಾರೆ.

ಇನ್ನು, ಪದಕ್ಕೆ ಮೊದಲು ‘ನೀ’ (knee, ಅಂದರೆ ಮಂಡಿ) ಇದೆಯಾ ನೋಡಿ. ಮಂಡಿಚಿಪ್ಪಿನ ಕೆಳಗೆ ವೈದ್ಯರು ಮೆಲ್ಲಗೆ ತಟ್ಟಿದರೆ ಕಾಲು ತಾನಾಗಿ ಚಿಮ್ಮುತ್ತದೆ. ಅದು ‘ನೀ ಜರ್ಕ್’. ಯೋಚಿಸದೆ ಕೊಟ್ಟ ಪ್ರತಿಕ್ರಿಯೆಗೆ ‘ನೀ-ಜರ್ಕ್ ರಿಯಾಕ್ಷನ್’ ಎನ್ನುವುದು ಇಲ್ಲಿಂದಲೇ ಬಂದದ್ದು.

ಮನುಷ್ಯರನ್ನೇ ‘ಎ ಜರ್ಕ್’ ಎಂದಿದ್ದರೆ ಅದು ಬೈಗುಳ. ಬೇರೆಯವರ ಬಗ್ಗೆ ಕಾಳಜಿಯಿಲ್ಲದ, ಒರಟು ಮನುಷ್ಯ ಎಂದರ್ಥ. ಆಪ್ತರ ನಡುವೆ ನಡೆಯಬಹುದು, ಆಫೀಸಿನ ಇಮೇಲ್‌ನಲ್ಲಿ ಬೇಡ.

ಅಡುಗೆಯ ಮಾತು ಬಂದರೆ ಮಾತ್ರ ಈ ದಾರಿ ಬಿಡಿ. ಜಮೈಕಾದ ಮಸಾಲೆ ಕೋಳಿ ಖಾದ್ಯ ‘ಜರ್ಕ್ ಚಿಕನ್’ಗೂ ಕುಲುಕಾಟಕ್ಕೂ ಸಂಬಂಧವಿಲ್ಲ. ಒಣ ಮಾಂಸಕ್ಕೆ ದಕ್ಷಿಣ ಅಮೆರಿಕದ ಕೆಚುವಾ ಭಾಷೆಯಲ್ಲಿದ್ದ ಹೆಸರು ಸ್ಪ್ಯಾನಿಷ್ ಮೂಲಕ ಹೀಗಾಯಿತು.

ಇನ್ನೊಂದು ಎಚ್ಚರಿಕೆ. ಈ ಪದದ ಜೊತೆ ‘ಆಫ್’ (off) ಸೇರಿಸಿದರೆ ಅಶ್ಲೀಲ ಅರ್ಥ ಬರುತ್ತದೆ. ಬರೆಯುವಾಗಲೂ ಮಾತಾಡುವಾಗಲೂ ಆ ಜೋಡಿ ಬೇಡ.